ಜನ್ನಾಪುರದ ರಂಜಿನಿ ಎದೆ ನೋಡಿ ಓಡಿದ ಚಳಿಗಾಲ

ಭದ್ರಾವತಿಯ ಜನ್ನಾಪುರದಲ್ಲಿ ನಿಂತು ಹಿಟ್ಟಿನ ಗಿರಣಿಯ ರಂಜಿನಿ ಎಲ್ಲಿ ಸಿಗುತ್ತಾಳೆ ಎಂದು ಕೇಳಿದರೆ ಆ ಕಾಲದಲ್ಲಿ ಯಾರೂ ಗಿರಣಿಯ ದಾರಿ ತೋರಿಸುತ್ತಿರಲಿಲ್ಲ. "ಓಡ್ತಾಳಲ್ಲ, ಅವಳಾ? ಬೆಳಿಗ್ಗೆ ಬೇಗ ಎದ್ದು ರೋಡಲ್ಲಿ ನಿಂತ್ಕೊಳ್ಳಿ, ಅವಳೇ ಬರ್ತಾಳೆ," ಎನ್ನುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಕಳೆದಿತ್ತು. ಮದುವೆಯಾಗಿ, ಹೆಣ್ಣು ಮಗುವಿನ ತಾಯಿಯಾಗಿ, ಮೂವತ್ತು ದಾಟಿದ ಹೆಂಗಸು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಊರ ರಸ್ತೆಯಲ್ಲಿ ಓಡುವುದೆಂದರೆ ಸುಮ್ಮನೆ ಮಾತಲ್ಲ. ಮೊದಮೊದಲು ಜನ ಬಾಯಿಗೆ ಬಂದದ್ದನ್ನೆಲ್ಲ ಆಡಿದರು. ರಂಜಿನಿ ಮೂಗು ಒರೆಸಿಕೊಂಡು ಓಡಿದಳು. ಆಡಿದವರಿಗೆ ಬಾಯಿ ನೋವು ಬಂತು, ಸುಮ್ಮನಾದರು.

ಅತ್ತೆ ಯಲ್ಲಮ್ಮನದ್ದು ಊರಿಗಿಂತ ದೊಡ್ಡ ರಗಳೆ. ಗಿರಣಿ ಅವಳದ್ದು, ಮಾತೂ ಅವಳದ್ದೇ. "ಅಕ್ಕಿ ತಂದೋರು ಕಾಯ್ತಾ ಕೂತಿದಾರೆ, ಇವಳು ಯಾವನೋ ಅಟ್ಟಿಸ್ಕೊಂಡು ಬಂದಂಗೆ ಓಡ್ತಾಳೆ," ಎಂದು ವರ್ಷಗಟ್ಟಲೆ ಗೊಣಗಿದಳು. ಆಮೇಲೆ ಸೊಸೆ ಶಿವಮೊಗ್ಗದ ಓಟವೊಂದರಲ್ಲಿ ಗೆದ್ದು ಕುಕ್ಕರ್ ತಂದಳು. ಮರುವರ್ಷ ಸ್ಟೀಲಿನ ಕೊಡ ಬಂತು. ಹೆಂಗಸರ ಓಟಕ್ಕೆ ಪಾತ್ರೆಯಲ್ಲದೆ ಬೇರೇನು ಕೊಡಬೇಕೆಂದು ನಮ್ಮ ಕಡೆ ಸಂಘಟಕರಿಗೆ ಹೊಳೆಯುವುದಿಲ್ಲವಲ್ಲ, ಅದು ರಂಜಿನಿಯ ಅದೃಷ್ಟ. ಅಲ್ಲಿಂದ ಯಲ್ಲಮ್ಮನ ರಾಗ ಬದಲಾಯಿತು. "ಈ ಸಲ ಏನು ಇಟ್ಟಿದಾರಂತೆ? ಇಡ್ಲಿ ಪಾತ್ರೆ ಆದ್ರೆ ಸ್ವಲ್ಪ ಗಟ್ಟಿಯಾಗಿ ಓಡು," ಎಂದು ಅವಳೇ ಬೆಳಿಗ್ಗೆ ಎಬ್ಬಿಸತೊಡಗಿದಳು.

ಆದರೆ ರಂಜಿನಿ ಓಡುತ್ತಿದ್ದದ್ದು ಪಾತ್ರೆಗಲ್ಲ. ಅವಳು ಓಡುತ್ತಿದ್ದದ್ದು ಗಂಡನ ಕೂಗಿಗೆ.

ಗಂಡ ಭೀಮೇಶ ಊರಿನ ಉಕ್ಕಿನ ಕಾರ್ಖಾನೆಯ ಮೀಟರ್ ಸೆಕ್ಷನ್ನಿನಲ್ಲಿ ಕೆಲಸಕ್ಕಿದ್ದ. ಕುಲುಮೆಯ ಬಿಸಿ ಎಷ್ಟು, ಪೈಪಿನ ಒತ್ತಡ ಎಷ್ಟು ಎಂದು ಮುಳ್ಳು ನೋಡುವುದು, ಮುಳ್ಳು ಸುಳ್ಳು ಹೇಳುತ್ತಿದ್ದರೆ ಅದರ ಕಿವಿ ಹಿಂಡಿ ಸರಿ ಮಾಡುವುದು, ಇದು ಅವನ ಉದ್ಯೋಗ. ಮಾತು ಕಡಿಮೆ. ಹೆಂಡತಿ ಹೊಸ ಸೀರೆ ಉಟ್ಟು ಎದುರು ನಿಂತರೆ, ಆಕಾಶದಲ್ಲಿ ಮೋಡ ಇದೆಯೋ ಇಲ್ಲವೋ ನೋಡುವಂತೆ ನೋಡುವ ಆಸಾಮಿ. ಅಂಥವನು ದಿನಾ ಬೆಳಿಗ್ಗೆ ಕತ್ತಿಗೆ ಸ್ಟಾಪ್‌ವಾಚ್ ನೇತು ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು, ಟಿವಿಎಸ್ ಮೇಲೆ ಅವಳ ಪಕ್ಕದಲ್ಲೇ ಬರುತ್ತಿದ್ದ. "ಎರಡು ಸೆಕೆಂಡ್ ಹಿಂದೆ ಇದೀಯ ರಂಜಿನಿ. ಎಳಿ. ಹಾಂ, ಈಗ ಸರಿ." ಮನೆಯಲ್ಲಿ ಇಡೀ ದಿನ ಆಡದಷ್ಟು ಮಾತನ್ನು ಆ ಒಂದು ಗಂಟೆಯಲ್ಲಿ ಆಡುತ್ತಿದ್ದ. ಉಳಿದ ಹೆಂಗಸರಿಗೆ ಗಂಡಂದಿರು ಮಲ್ಲಿಗೆ ತಂದರೆ, ಸಿನಿಮಾಕ್ಕೆ ಕರೆದುಕೊಂಡು ಹೋದರೆ, ತನಗೆ ಈ ಕೂಗು ಎಂದು ರಂಜಿನಿ ಲೆಕ್ಕ ಹಾಕಿಕೊಂಡಿದ್ದಳು. ಆ ಲೆಕ್ಕದಲ್ಲಿ ಅವಳಿಗೆ ತೃಪ್ತಿಯೂ ಇತ್ತು. ಗಿರಣಿಗೆ ಬರುವ ಜಲಜಮ್ಮ, "ನಿನ್ನ ಗಂಡನಷ್ಟು ನನ್ನ ಗಂಡ ನನ್ನ ಹಿಂದೆ ಸುತ್ತಿದ್ರೆ ನಾನೂ ಓಡ್ತಿದ್ದೆ ಮಾರಾಯ್ತಿ," ಎಂದಾಗ ರಂಜಿನಿ ಹಿಟ್ಟು ಮೆತ್ತಿದ ಮುಖದಲ್ಲೇ ನಾಚಿದ್ದುಂಟು.

ಒಂದೇ ತಾಪತ್ರಯ, ಚಳಿಗಾಲ. ಧನುರ್ಮಾಸ ಬಂತೆಂದರೆ ಭದ್ರಾ ನದಿಯ ಮಂಜೂ ಕಾರ್ಖಾನೆಯ ಹೊಗೆಯೂ ಒಂದಾಗಿ ರಸ್ತೆಯ ಮೇಲೆ ಕೂತುಬಿಡುತ್ತವೆ. ಮೈ ಬಿಸಿಯೇರುವುದಿಲ್ಲ, ಕಾಲು ಮರದ ಕೊರಡಿನಂತೆ ಇರುತ್ತದೆ. ಭೀಮೇಶನ ಸ್ಟಾಪ್‌ವಾಚಿಗೆ ಚಳಿ ಗೊತ್ತೇ? ಅಕ್ಟೋಬರ್‌ನಲ್ಲಿ ಬಂದ ಟೈಮೇ ಡಿಸೆಂಬರ್‌ನಲ್ಲೂ ಬರಬೇಕು ಎಂದು ಅವನು ಕೂಗುತ್ತಿದ್ದ, ಅವಳು ಎಳೆಯುತ್ತಿದ್ದಳು, ಸಂಕ್ರಾಂತಿಯ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಪ್ರತಿ ವರ್ಷದ ಕಥೆ ಇದು. ಎಳ್ಳು ಬೀರಲು ಮನೆ ಮನೆಗೆ ಕುಂಟಿಕೊಂಡು ಹೋಗುತ್ತಿದ್ದಳು. ಹಿಂದಿನ ವರ್ಷವಂತೂ ಫೆಬ್ರವರಿಯ ಓಟಕ್ಕೆ ಹೋಗಲೇ ಆಗಲಿಲ್ಲ, ಯಲ್ಲಮ್ಮನ ಇಡ್ಲಿ ಪಾತ್ರೆ ಕೈ ತಪ್ಪಿತು.

ಆ ಚಳಿಗಾಲದ ಶುರುವಿನಲ್ಲಿ ವಿದ್ಯಾಶ್ರೀ ಬಂದಳು.

ಶಿವಮೊಗ್ಗದ ರವೀಂದ್ರನಗರದ ಹುಡುಗಿ. ಅಪ್ಪ ಸಿದ್ದಯ್ಯನವರಿಗೆ ಜಮೀನಿತ್ತು, ಪೇಟೆಯಲ್ಲಿ ಸ್ವಂತ ಮನೆಯೂ ಇತ್ತು. ಇವಳು ಪುಣೆಯಲ್ಲಿ ದೈಹಿಕ ಶಿಕ್ಷಣ ಓದಿ ಬಂದು ಭದ್ರಾವತಿಯ ಕಾಲೇಜೊಂದರಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಬೇಗ ಸ್ಕೂಟಿಯಲ್ಲಿ ಬಂದು ನ್ಯೂಟೌನಿನ ಅಗಲ ರಸ್ತೆಗಳಲ್ಲಿ ಓಡಿ, ಆಮೇಲೆ ಕಾಲೇಜಿಗೆ ಹೋಗುವಳು. ಇಪ್ಪತ್ತಾರರ ಪ್ರಾಯ, ಎಣ್ಣೆ ಹಾಕಿದ ಉದ್ದ ಜಡೆ, ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ. ರಂಜಿನಿಯನ್ನು ಮೊದಲ ದಿನವೇ ಅಕ್ಕ ಎಂದಳು. ಒಂದು ಸುತ್ತು ಜೊತೆಗೆ ಓಡಿ, ಭೀಮೇಶನ ಕೂಗನ್ನೂ ಕೇಳಿ, ಟಿವಿಎಸ್ ನಿಂತ ಮೇಲೆ ಅವನನ್ನೇ ವಿಚಾರಿಸಿಕೊಂಡಳು.

"ಬೇಸಿಗೆ ಟೈಮನ್ನ ಚಳೀಲಿ ಕೇಳಿದ್ರೆ ಕಾಲು ಎಲ್ಲಿಂದ ತಂದುಕೊಡುತ್ತೆ ಸರ್?"

"ಮತ್ತೆ ಏನು ಕೇಳ್ಬೇಕು?"

"ಈಗ ಟೈಮ್ ಕೇಳಲೇಬೇಡಿ. ಎದೆ ನೋಡಿ. ಎದೆ ನಿಮಿಷಕ್ಕೆ ಎಷ್ಟು ಸಲ ಹೊಡ್ಕೊಳ್ತಿದೆ ಅಂತ ನೋಡ್ಕೊಂಡು ಓಡಿಸಿ. ನೂರ ನಲವತ್ತು ದಾಟಬಾರದು. ದಾಟಿದ್ರೆ ನಿಧಾನ ಮಾಡಿ, ನಡೆದರೂ ಚಿಂತೆ ಇಲ್ಲ. ಚಳಿಗಾಲ ಪೂರ್ತಿ ಹಿಂಗೆ ಓಡಿದ್ರೆ ಫೆಬ್ರವರೀಲಿ ಟೈಮ್ ತಾನಾಗಿ ಬರುತ್ತೆ."

ಹೀಗೆಂದು ತನ್ನ ಕೈಯಲ್ಲಿದ್ದ ದಪ್ಪ ವಾಚನ್ನು ತೋರಿಸಿದಳು. ಎದೆಗೆ ಒಂದು ಬೆಲ್ಟು ಕಟ್ಟಿಕೊಳ್ಳಬೇಕು, ಅದು ಬಡಿತವನ್ನು ಹಿಡಿದು ತಂತಿಯಿಲ್ಲದೆ ವಾಚಿಗೆ ಕಳಿಸುತ್ತದೆ, ವಾಚಿನಲ್ಲಿ ನಂಬರು ಬರುತ್ತದೆ. ಭೀಮೇಶ ಟಿವಿಎಸ್ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಆ ವಾಚಿನ ಮೇಲೆ ಬಾಗಿದ. ಅವನ ಕೈಯಲ್ಲಿದ್ದ ಸ್ಟಾಪ್‌ವಾಚು ಹೊರಗಿನಿಂದ ಲೆಕ್ಕ ಹಾಕುವಂಥದ್ದು. ಇದು ಮನುಷ್ಯರ ಒಳಗೇ ಮೀಟರು ಇಟ್ಟಂತಾಯಿತಲ್ಲ. ಬೆಳಕು ಹರಿಯುವವರೆಗೂ ಪ್ರಶ್ನೆ ಕೇಳಿದ. ವಿದ್ಯಾಶ್ರೀ ಪ್ರತಿಯೊಂದಕ್ಕೂ ನಗುನಗುತ್ತಾ ಉತ್ತರ ಕೊಟ್ಟಳು. ಪಕ್ಕದಲ್ಲಿ ಬೆವರು ಆರಿ ನಡುಗುತ್ತಾ ನಿಂತಿದ್ದ ಹೆಂಡತಿಯನ್ನು ಮನೆಗೆ ಹೋಗೋಣವೇ ಎಂದು ಯಾರೂ ಕೇಳಲಿಲ್ಲ.

ಮರುದಿನ ವಿದ್ಯಾಶ್ರೀ ತನ್ನ ಹಳೆಯ ವಾಚು ಮತ್ತು ಬೆಲ್ಟನ್ನು ತಂದು ರಂಜಿನಿಗೆ ಕೊಟ್ಟಳು. ಚಳಿಗಾಲ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದಳು.

ನಿಧಾನ ಓಡುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಂಜಿನಿ ನಾಲ್ಕು ಹೆಜ್ಜೆ ಹಾಕಿದರೆ ನಂಬರು ನೂರೈವತ್ತು. ಹಿಂದಿನಿಂದ "ಇಳಿಸು, ಇಳಿಸು" ಎಂದು ಭೀಮೇಶನ ಕೂಗು. ಇಷ್ಟು ವರ್ಷ ಎಳಿ ಎಂದವನು ಈಗ ಇಳಿಸು ಎನ್ನುತ್ತಿದ್ದ. ಹಾಲಿನ ಕ್ಯಾನು ಹಿಡಿದು ಹೊರಟ ಮುದುಕಿ ಶಂಕರಮ್ಮ ಅವಳನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಯಾಕಮ್ಮ, ಮೈ ಹುಷಾರಿಲ್ವಾ?" ಎಂದು ಕೇಳಿದಳು. ಅದೇ ನೂರ ನಲವತ್ತಕ್ಕೆ ವಿದ್ಯಾಶ್ರೀ ಮಾತ್ರ ಜಿಂಕೆಯ ಹಾಗೆ ಮುಂದೆ ಹೋಗುತ್ತಿದ್ದಳು. ಎದೆ ಒಂದೇ ಲೆಕ್ಕದಲ್ಲಿ ಬಡಿದರೂ ಕಾಲು ಒಂದೇ ಲೆಕ್ಕದಲ್ಲಿ ಹೋಗುವುದಿಲ್ಲ ಎಂಬುದು ಆಗ ತಿಳಿಯಿತು. ರಂಜಿನಿಯ ಹೊಟ್ಟೆಯಲ್ಲಿ ಮೊದಲ ಕಿಚ್ಚು ಹತ್ತಿದ್ದು ಅಲ್ಲಿ.

ಆದರೆ ಓಟದ ಹೊಟ್ಟೆಕಿಚ್ಚು ಏನು ಮಹಾ. ಅದನ್ನು ಅವಳು ಬೇಕಾದಷ್ಟು ಸಲ ನುಂಗಿ ಅರಗಿಸಿಕೊಂಡಿದ್ದಳು. ತಡೆಯಲಾಗದಿದ್ದದ್ದು ಬೇರೆ. ವಿದ್ಯಾಶ್ರೀ ಮುಂದೆ ಹೋದಳೆಂದರೆ ಟಿವಿಎಸ್ಸೂ ಮುಂದೆ ಹೋಗುತ್ತಿತ್ತು. "ಅವರ ನಂಬರ್ ಏರಿನಲ್ಲಿ ಎಷ್ಟಾಗುತ್ತೆ ನೋಡಿ ಬರ್ತೀನಿ," ಎಂದು ಭೀಮೇಶ ಆಕ್ಸಿಲರೇಟರ್ ತಿರುವುತ್ತಿದ್ದ. ಮಂಜಿನಲ್ಲಿ ಟಿವಿಎಸ್ಸಿನ ಕೆಂಪು ದೀಪ ಕರಗಿಹೋಗುತ್ತಿತ್ತು. ಆಚೆಯಿಂದ ಅವನ ದನಿ, ಅವಳ ನಗು. ಇಷ್ಟು ವರ್ಷ ತನ್ನ ಪಾಲಿಗೇ ಎಂದುಕೊಂಡಿದ್ದ ಕೂಗು ಈಗ ಇನ್ನೊಬ್ಬಳ ಪಕ್ಕದಲ್ಲಿ ಕೇಳುತ್ತಿತ್ತು. ಹೇಳಿ, ಯಾವ ಹೆಂಡತಿ ತಡೆದುಕೊಂಡಾಳು? ರಂಜಿನಿಗೆ ಆ ನಗುವಿನ ಬಾಯಿಗೆ ಒಂದು ಹಿಡಿ ರಾಗಿ ಹಿಟ್ಟು ತುಂಬಬೇಕು ಅನ್ನಿಸುತ್ತಿತ್ತು.

ಇನ್ನೊಂದನ್ನೂ ಅವಳು ಗಮನಿಸಿದ್ದಳು. ವಿದ್ಯಾಶ್ರೀಗೆ ಹಾಲಿನವನು ಅಣ್ಣ, ಪೇಪರಿನವನು ಅಣ್ಣ, ಪಂಚರ್ ಹಾಕುವ ಕಲ್ಲಪ್ಪನೂ ಅಣ್ಣ. ಭೀಮೇಶ ಮಾತ್ರ ಸರ್. ರಂಜಿನಿ ಅಕ್ಕ ಆದಮೇಲೆ ಅವಳ ಗಂಡ ಭಾವ ಆಗಬೇಕಿತ್ತು, ಬೇಡವೆಂದರೆ ಅಣ್ಣ ಆಗಬೇಕಿತ್ತು. ಈ ಸರ್ ಯಾವ ಸಂಬಂಧ? ಒಂದು ದಿನ ತಡೆಯದೆ, "ಇವರನ್ನ ಅಣ್ಣ ಅನ್ನು, ಸರ್ ಗಿರ್ ಎಲ್ಲ ಯಾಕೆ," ಎಂದೂ ನೋಡಿದಳು. ವಿದ್ಯಾಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, "ಅಭ್ಯಾಸ ಆಗೋಗಿದೆ ಅಕ್ಕ," ಎಂದಳು. ಮರುದಿನವೂ ಸರ್ ಎಂದೇ ಕರೆದಳು.

ಗಿರಣಿಯಲ್ಲಿ ಜಲಜಮ್ಮನ ವರಸೆ ಬದಲಾಯಿತು. ರಾಗಿ ಡಬ್ಬ ಇಳಿಸುತ್ತಾ, "ಏನೇ, ನಿನ್ನ ಗಂಡ ಈಗ ಇಬ್ಬರನ್ನ ಓಡಿಸ್ತಾನಂತೆ?" ಎಂದಳು. ತಮಾಷೆಗೇ ಹೇಳಿದ್ದು. ರಂಜಿನಿ ಆ ದಿನ ಜಲಜಮ್ಮನ ರಾಗಿಯನ್ನು ಅಕ್ಕಿಯ ಮೇಲೆ ಸುರಿದು, ಎರಡನ್ನೂ ಹಾಳು ಮಾಡಿ, ಅತ್ತೆಯ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಳು.

ಎಲ್ಲಕ್ಕಿಂತ ಉರಿಯುತ್ತಿದ್ದದ್ದು ಏನೆಂದರೆ, ಆ ಹುಡುಗಿ ಹೇಳಿದ್ದೆಲ್ಲ ನಿಜವಾಗುತ್ತಾ ಬಂತು. ಸಂಕ್ರಾಂತಿ ಬಂತು, ಮೀನಖಂಡ ಹಿಡಿಯಲಿಲ್ಲ. ರಂಜಿನಿ ನೆಟ್ಟಗೆ ನಡೆದುಕೊಂಡು ಹೋಗಿ ಎಳ್ಳು ಬೀರಿದಳು. ಅದೇ ನೂರ ನಲವತ್ತಕ್ಕೆ ಈಗ ಶಂಕರಮ್ಮನನ್ನಷ್ಟೇ ಅಲ್ಲ, ಸೈಕಲ್ಲಿನ ಹುಡುಗರನ್ನೂ ಹಿಂದೆ ಹಾಕುತ್ತಿದ್ದಳು. ಕಾಲಾದರೂ ಒಂದು ಸಲ ನೋಯಬಾರದೇ, ಈ ವಿದ್ಯೆಯೆಲ್ಲ ಬೊಗಳೆ ಎಂದು ಗಂಡನ ಮುಖಕ್ಕೆ ಹೇಳಬಹುದಿತ್ತು. ಹಾಳಾದ ಕಾಲು ನೋಯಲೇ ಇಲ್ಲ. ಬೈಯಲು ಒಂದು ನೆವವೂ ಇಲ್ಲದೆ ಹೊಟ್ಟೆ ಉರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಅದೇ ಹೊತ್ತಿನಲ್ಲಿ ಭೀಮೇಶ ವಾಚಿನ ಒಂದು ಗುಟ್ಟು ಕಂಡುಹಿಡಿದ. ಓಟ ಮುಗಿದು ಮೂವರೂ ನಿಂತಿದ್ದಾಗ ರಂಜಿನಿಯ ಕೈಯಿಂದ ವಾಚು ಬಿಚ್ಚಿಕೊಂಡು ಏನೋ ಪರೀಕ್ಷೆ ಮಾಡುತ್ತಾ ವಿದ್ಯಾಶ್ರೀಯ ಹತ್ತಿರ ಹೋದ. ತಟ್ಟನೆ ನಂಬರು ಬದಲಾಯಿತು.

"ಇಲ್ನೋಡಿ, ಇದು ನಿಮ್ಮ ನಂಬರ್ ತೋರಿಸ್ತಿದೆ," ಎಂದ. ದನಿಯಲ್ಲಿ ಸಂಭ್ರಮ.

"ಹಳೇದಲ್ವಾ ಸರ್, ಹಂಗೇ ಅದು," ಎಂದಳು ವಿದ್ಯಾಶ್ರೀ. "ಯಾವ ಬೆಲ್ಟು ಹತ್ತಿರ ಇರುತ್ತೋ ಅದನ್ನ ಹಿಡಿಯುತ್ತೆ. ಅದಕ್ಕೇ ಓಡುವಾಗ ಒಂದು ಮಾರು ದೂರ ಇರಬೇಕು. ಇಲ್ಲಾಂದ್ರೆ ನಂದು ಅಕ್ಕನಿಗೆ, ಅಕ್ಕಂದು ನಂಗೆ ಬರುತ್ತೆ."

ಭೀಮೇಶ ಆ ವಾಚನ್ನು ಹಿಡಿದು ಇವಳ ಹತ್ತಿರ ಬಂದ, ಅವಳ ಹತ್ತಿರ ಹೋದ, ಮತ್ತೆ ಇವಳ ಹತ್ತಿರ ಬಂದ. ಎರಡು ಹೆಂಗಸರ ಎದೆಯ ನಂಬರನ್ನು ಹೀಗೆ ಓಡಾಡಿ ಓದಿ ಖುಷಿಪಟ್ಟ ಗಂಡಸನ್ನು ರಂಜಿನಿ ಬೇರೆಲ್ಲೂ ನೋಡಿರಲಿಲ್ಲ. ವಿದ್ಯಾಶ್ರೀಯ ಹತ್ತಿರ ಅವನು ತುಸು ಹೆಚ್ಚು ಹೊತ್ತು ನಿಂತ ಎಂದು ಅವಳಿಗೆ ಅನ್ನಿಸಿತು. ನಿಂತನೋ ಇಲ್ಲವೋ, ದೇವರಿಗೇ ಗೊತ್ತು. ಹೊಟ್ಟೆಕಿಚ್ಚಿನ ಕಣ್ಣಿಗೆ ಎಲ್ಲವೂ ತುಸು ಹೆಚ್ಚೇ ಕಾಣುತ್ತದೆ.

ಜನವರಿ ಕೊನೆಯ ಒಂದು ಭಾನುವಾರ. ಆ ದಿನ ಬಿದ್ದಂಥ ಮಂಜು ಆ ವರ್ಷ ಮತ್ತೆ ಬೀಳಲಿಲ್ಲ. ಬೆಳಿಗ್ಗೆ ಹೊರಡುವ ಹೊತ್ತಿಗೆ ಯಲ್ಲಮ್ಮ ಗಿರಣಿಯ ಬೆಲ್ಟು ಹರಿದ ವಿಷಯ ಎತ್ತಿ ಜಗಳಕ್ಕೆ ನಿಂತಳು. ರಂಜಿನಿ ಒಂದರ ಮೇಲೊಂದು ಎರಡು ಸ್ವೆಟರ್ ಏರಿಸಿಕೊಂಡು, ವಾಚು ಕಟ್ಟಿಕೊಂಡು, ಮಾತು ಮುಗಿಯುವ ಮೊದಲೇ ಮನೆಯಿಂದ ಆಚೆ ಬಿದ್ದಳು. ಟಿವಿಎಸ್ ಚಳಿಗೆ ಸ್ಟಾರ್ಟ್ ಆಗಲಿಲ್ಲ. "ನೀನು ನಡೆ, ಪ್ಲಗ್ ಒರೆಸ್ಕೊಂಡು ಬರ್ತೀನಿ," ಎಂದ ಭೀಮೇಶ.

ಎದುರಿಗೆ ಬರುವ ಲಾರಿಯ ದೀಪ ಮೂಗಿನ ಹತ್ತಿರ ಬರುವವರೆಗೂ ಕಾಣದಂಥ ಮಂಜು. ರಸ್ತೆಯ ಅಂಚಿನಲ್ಲಿ ವಿದ್ಯಾಶ್ರೀ ಮತ್ತು ರಂಜಿನಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಓಡಿದರು. ಮಾರು ದೂರದ ಮಾತು ಇಬ್ಬರಿಗೂ ನೆನಪಾಗಲಿಲ್ಲ. ರಂಜಿನಿಯ ವಾಚಿನಲ್ಲಿ ನೂರ ಮೂವತ್ತರ ಆಸುಪಾಸು. ಇಷ್ಟು ತಣ್ಣಗೆ ತನ್ನ ಎದೆ ಯಾವತ್ತೂ ಇದ್ದದ್ದಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಅದೂ ಈ ಮಾಟಗಾತಿಯ ಪಕ್ಕದಲ್ಲಿ.

ಆಗ ಹಿಂದೆ, ದೂರದಲ್ಲಿ, ಟಿವಿಎಸ್ ಸದ್ದು ಕೇಳಿತು.

ಇಬ್ಬರೂ ವೇಗ ಹೆಚ್ಚಿಸಿರಲಿಲ್ಲ, ರಸ್ತೆಯಲ್ಲಿ ಏರೂ ಇರಲಿಲ್ಲ. ಆದರೂ ವಾಚಿನ ನಂಬರು ನೂರ ನಲವತ್ತೈದಕ್ಕೆ ನೆಗೆಯಿತು. ಸದ್ದು ಹತ್ತಿರವಾದಂತೆ ನೂರೈವತ್ತೈದಾಯಿತು. ಭೀಮೇಶ ಪಕ್ಕಕ್ಕೆ ಬಂದು "ಏನು, ಎಷ್ಟಿದೆ?" ಎಂದಾಗ ನೂರ ಅರವತ್ತು ದಾಟಿತ್ತು. ರಂಜಿನಿಗೆ ನಾಚಿಕೆಯಿಂದ ಸಾಯುವಂತಾಯಿತು. ತನ್ನ ಹೊಟ್ಟೆಕಿಚ್ಚು ಈ ಮಟ್ಟಕ್ಕೆ ಹೋಯಿತೇ, ಗಂಡನ ಗಾಡಿಯ ಸದ್ದು ಕೇಳಿದರೇ ಎದೆ ಹೀಗೆ ಹಾರುವಷ್ಟು? ಸ್ವೆಟರಿನ ತೋಳನ್ನು ವಾಚಿನ ಮೇಲೆ ಎಳೆದುಕೊಂಡಳು. "ನೂರ ಮೂವತ್ತೈದು," ಎಂದು ಸುಳ್ಳು ಹೇಳಿದಳು. ವಿದ್ಯಾಶ್ರೀ, "ನಂದೂ ಅಷ್ಟೇ ಸರ್," ಎಂದಳು. ರಂಜಿನಿ ನಂಬರು ಇಳಿಸಲೆಂದು ಹಿಂದೆ ಬಿದ್ದಳು. ಅವರಿಬ್ಬರೂ ಮಂಜಿನಲ್ಲಿ ಮುಂದೆ ಹೋದರು. ತೋಳು ಸರಿಸಿ ನೋಡಿದರೆ ವಾಚಿನಲ್ಲಿ ನಂಬರೇ ಇಲ್ಲ, ಬರೀ ಎರಡು ಗೀಟು. ಚಳಿಗೆ ಇದೂ ಕೆಟ್ಟಿತು ಎಂದುಕೊಂಡು ಮನೆಗೆ ತಿರುಗಿದಳು.

ಸ್ನಾನಕ್ಕೆಂದು ಬಚ್ಚಲ ಬಾಗಿಲು ಹಾಕಿದಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಬೆಲ್ಟು ನೇತಾಡುತ್ತಿತ್ತು. ಹಿಂದಿನ ಸಂಜೆ ತೊಳೆದು ಒಣಗಲು ಹಾಕಿದ್ದು. ಒಣಗಿ ಗರಿಗರಿಯಾಗಿ ಅಲ್ಲೇ ಇತ್ತು.

ರಂಜಿನಿ ಎದೆ ಮುಟ್ಟಿ ನೋಡಿಕೊಂಡಳು. ಇಲ್ಲ. ಜಗಳದ ಗಡಿಬಿಡಿಯಲ್ಲಿ, ಎರಡು ಸ್ವೆಟರಿನ ಬಿಗಿಯಲ್ಲಿ, ಬೆಲ್ಟು ಕಟ್ಟದೆಯೇ ಹೋಗಿದ್ದಳು. ಹಾಗಾದರೆ ವಾಚಿಗೆ ನಂಬರು ಬಂದದ್ದು ಎಲ್ಲಿಂದ? ಅಲ್ಲಿ ಇದ್ದದ್ದು ಒಂದೇ ಬೆಲ್ಟು. ಟಿವಿಎಸ್ ಸದ್ದಿಗೆ ಹಾರಿದ್ದು ಆ ಬೆಲ್ಟಿನ ಹಿಂದಿನ ಎದೆ. ನೂರ ಅರವತ್ತು ದಾಟಿದಾಗ "ನಂದೂ ಅಷ್ಟೇ ಸರ್" ಎಂದವಳ ಎದೆ.

ಬಿಸಿನೀರು ಆರಿಹೋಗುವವರೆಗೂ ಅವಳು ಬಚ್ಚಲಲ್ಲೇ ನಿಂತಿದ್ದಳು. ಅನುಮಾನ ಇದ್ದಾಗ ಬೈದುಕೊಂಡು ಇರಬಹುದಿತ್ತು, ತನ್ನದೇ ಹುಚ್ಚು ಎಂದು ಸಮಾಧಾನವನ್ನೂ ಮಾಡಿಕೊಳ್ಳಬಹುದಿತ್ತು. ಈಗ ಅದು ಅಂಕಿಯಾಗಿ ಕಣ್ಣ ಮುಂದೆ ಬಂದುಹೋಗಿತ್ತು. ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಅವಳ ಎದೆ ಹಾರಿದರೆ ಹಾರಲಿ, ಪ್ರಾಯದ ಹುಡುಗಿ. ಇವನದ್ದು? ಇವನ ಎದೆ ಏನು ಮಾಡುತ್ತಿದೆ? ಅದು ಗೊತ್ತಾಗದೆ ಆ ದಿನ ಒಂದು ತುತ್ತೂ ಇಳಿಯುವುದಿಲ್ಲ ಅನ್ನಿಸಿತು.

ಭೀಮೇಶ ವಾಪಸು ಬಂದು ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತು ಟಿವಿಎಸ್ಸಿನ ಪ್ಲಗ್ಗನ್ನು ಉಜ್ಜುತ್ತಿದ್ದ. ಅತ್ತೆ ಮಗಳನ್ನು ಕರೆದುಕೊಂಡು ಗಿರಣಿಗೆ ಹೋಗಿದ್ದಳು. ರಂಜಿನಿ ಬೆಲ್ಟು ಹಿಡಿದು ಆಚೆ ಬಂದಳು.

"ರೀ, ನಿಮ್ಮದೂ ಒಂದ್ಸಲ ನೋಡೋಣ. ದಿನಾ ನಮ್ಮದೇ ಆಯ್ತು."

ಇಷ್ಟು ಹೊತ್ತೂ ಇದೇ ಮಾತಿಗೆ ಕಾದಿದ್ದವನ ಹಾಗೆ ಅವನು ಪ್ಲಗ್ಗು ಕೆಳಗಿಟ್ಟ. ತಾನೇ ಬೆಲ್ಟನ್ನು ನೀರಿನಲ್ಲಿ ಅದ್ದಿ, ಉದ್ದ ಮಾಡಿ, ಬನಿಯನ್ನಿನ ಒಳಗೆ ಕಟ್ಟಿಕೊಂಡು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ರಂಜಿನಿ ವಾಚನ್ನು ಅಂಗೈಯಲ್ಲಿ ಇಟ್ಟುಕೊಂಡು ಎದುರು ಕೂತಳು. ಅವನಿಗೆ ಕಾಣದಂತೆ ಬೆರಳು ಮಡಚಿದ್ದಳು.

"ಎಷ್ಟು?" ಎಂದ.

"ಎಪ್ಪತ್ತು."

"ಪರವಾಗಿಲ್ಲ. ಗಟ್ಟಿ ಇದೀನಿ."

ರಂಜಿನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಒಂದಾಗಿತ್ತು, ಈಗ ಇನ್ನೊಂದು.

"ವಿದ್ಯಾಶ್ರೀ ನಾಳೆಯಿಂದ ಬರಲ್ಲಂತೆ. ಮದುವೆ ಗೊತ್ತಾಯ್ತಂತೆ."

ನಂಬರಿನ ಮೇಲೆ ಕಣ್ಣು ನೆಟ್ಟಳು. ಎಪ್ಪತ್ತು. ಎಪ್ಪತ್ತೊಂದು. ಮತ್ತೆ ಎಪ್ಪತ್ತು.

"ಹೌದಾ? ಒಳ್ಳೇದಾಯ್ತು ಬಿಡು. ಹುಡುಗ ಎಲ್ಲಿಯೋನಂತೆ?"

"ಗೊತ್ತಿಲ್ಲ," ಎಂದಳು. ಅರವತ್ತೊಂಬತ್ತು.

ಅವಳ ಮೈಯ ಬಿಗಿಯೆಲ್ಲ ಒಮ್ಮೆಗೇ ಸಡಿಲಾಯಿತು. ಇವನು ತನ್ನವನೇ. ಎಷ್ಟು ದಿನ ಸುಮ್ಮಸುಮ್ಮನೆ ಬೆಂದಳು, ಎಷ್ಟು ರಾಗಿ ಹಾಳು ಮಾಡಿದಳು. ಇಲ್ಲಿಗೆ ಬೆಲ್ಟು ಬಿಚ್ಚಿಸಿ, ತಿಂಡಿ ಕೊಟ್ಟು ಎದ್ದಿದ್ದರೆ ಅವಳ ಸಂಸಾರಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಆಸೆ ಕೇಳಬೇಕಲ್ಲ. ಅವಳಿಗಾಗಿ ಹಾರದ ಎದೆ ತನಗಾಗಿ ಹಾರುವುದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು.

"ಅವಳು ಬರದಿದ್ರೆ ನಂಗೂ ಬೇಡ. ನಾನೂ ಓಡೋದು ಬಿಟ್ಟುಬಿಡ್ತೀನಿ ರೀ. ಇನ್ನು ಸಾಕು."

ಎಪ್ಪತ್ತು.

"ಯಾಕೆ, ಕಾಲು ಹಿಡ್ಕೊಂಡಿದ್ಯಾ?"

"ಕಾಲು ಚೆನ್ನಾಗೇ ಇದೆ. ಮನಸ್ಸಿಲ್ಲ. ಪೂರ್ತಿ ಬಿಡ್ತೀನಿ."

"ನಿನ್ನಿಷ್ಟ. ಒತ್ತಾಯ ಇಲ್ಲ."

ಎಪ್ಪತ್ತು. ಮೊಳೆ ಹೊಡೆದಂತೆ ಎಪ್ಪತ್ತು. ಅಷ್ಟು ವರ್ಷದ ಬೆಳಗು, ಅಷ್ಟು ಕೂಗು, ಮಫ್ಲರು, ಚಳಿ, ಎಲ್ಲ ಬಿಟ್ಟೆ ಎಂದರೂ ಒಂದು ಬಡಿತ ಆಚೀಚೆ ಆಗಲಿಲ್ಲ. ರಂಜಿನಿ ಬರೀ ಎದ್ದು ಹೋಗುವುದಕ್ಕೆ ಒಂದು ನೆವ ಬೇಕಾಗಿ ಹೇಳಿದಳು.

"ಹಾಗಾದ್ರೆ ಇದನ್ನ ಕೊಟ್ಟು ಬರ್ತೀನಿ. ವಾಚು, ಬೆಲ್ಟು. ಅವಳದ್ದು ಯಾಕೆ ನಮ್ಮನೇಲಿ."

ಎಪ್ಪತ್ತೆಂಟು.

"ಇವತ್ತೇ ಯಾಕೆ?" ಎಂದ ಭೀಮೇಶ. ಮುಖದಲ್ಲಿ ಏನೂ ಇಲ್ಲ. "ಅವರೇನು ಕೇಳಿದ್ರಾ?"

ಎಂಬತ್ತೊಂಬತ್ತು.

"ಕೇಳಿಲ್ಲ. ಕೊಡ್ಬೇಕಲ್ಲ."

"ಕೊಡೋಣ. ಕೊಡಬೇಡ ಅಂದ್ನಾ? ಅಲ್ಲ, ಅವರ ಹತ್ರ ಹೊಸದು ಇದೆಯಲ್ಲ. ಇದು ಹಳೇದು. ಬೇಕಾದ್ರೆ ನಾನು ಇಟ್ಕೊಂಡು..." ಅಲ್ಲಿಗೆ ನಿಲ್ಲಿಸಿ, ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಮತ್ತೆ ಉಜ್ಜತೊಡಗಿದ. ವಾಚಿನಲ್ಲಿ ನೂರ ನಾಲ್ಕು. ಅಲ್ಲಿಂದ ನೂರ ಹತ್ತು.

ರಂಜಿನಿ ನಂಬರನ್ನು ನೋಡಿದಳು, ಗಂಡನ ಮುಖ ನೋಡಿದಳು, ಮತ್ತೆ ನಂಬರನ್ನು ನೋಡಿದಳು. ಬಾಣಂತನಕ್ಕೆಂದು ತವರಿಗೆ ಹೊರಟು ನಿಂತಾಗ ಈ ಮನುಷ್ಯ ಆಟೋಕ್ಕೆ ಪೆಟ್ಟಿಗೆ ಎತ್ತಿಟ್ಟು, ಹುಷಾರು ಎಂದು ಒಳಗೆ ಹೋಗಿದ್ದ. ಆ ದಿನ ಇವನ ಎದೆ ಎಷ್ಟಿತ್ತೋ. ಅಂಗೈಯಷ್ಟು ಅಗಲದ ಈ ಪ್ಲಾಸ್ಟಿಕ್ಕಿನ ಮೇಲೆ ಅವಳಿಗೆ ಬಂದ ಹೊಟ್ಟೆಕಿಚ್ಚು, ಆ ಹುಡುಗಿಯ ಮೇಲೂ ಬಂದಿರಲಿಲ್ಲ.

"ಬಿಚ್ಚಿ," ಎಂದಳು. ಅವನು ಬಿಚ್ಚಲು ತಡ ಮಾಡಿದ. ಅವಳೇ ಕೈ ಹಾಕಿ ಬಿಚ್ಚಿಕೊಂಡಳು. ಪ್ಲಾಸ್ಟಿಕ್ ಕವರಿಗೆ ಎರಡನ್ನೂ ಹಾಕಿಕೊಂಡು, ಸೀರೆ ಬದಲಾಯಿಸಿ, ಶಿವಮೊಗ್ಗದ ಬಸ್ಸು ಹತ್ತಿದಳು. ಭೀಮೇಶ ಬಾಗಿಲವರೆಗೂ ಬಂದು ನಿಂತ. ಕವರನ್ನೇ ನೋಡುತ್ತಿದ್ದ.

ರವೀಂದ್ರನಗರದ ಮನೆಯ ಗೇಟನ್ನು ವಿದ್ಯಾಶ್ರೀಯೇ ತೆಗೆದಳು. ತಲೆಗೆ ಎರೆದುಕೊಂಡು ಕೂದಲು ಹರಡಿಕೊಂಡಿದ್ದಳು. ರಂಜಿನಿಯನ್ನು ನೋಡಿ ಮುಖ ಅರಳಿತು, ಆಮೇಲೆ ಕಣ್ಣು ರಂಜಿನಿಯ ಹಿಂದೆ, ರಸ್ತೆಯ ಕಡೆ ಹೋಯಿತು.

"ಬನ್ನಿ ಅಕ್ಕ. ಸರ್ ಬರ್ಲಿಲ್ವಾ?"

"ಇಲ್ಲ. ಇದನ್ನ ಕೊಡೋಣ ಅಂತ ಬಂದೆ." ಕವರು ಚಾಚಿದಳು.

"ಅಯ್ಯೋ, ಇನ್ನೂ ರೇಸ್ ಇದೆಯಲ್ಲ ಅಕ್ಕ. ಯಾಕೆ ಅಷ್ಟು ಅವಸರ?"

"ಬೇಡ ತಗೋ. ಇದು ಹೋಗುತ್ತೆ ಅಂತ ಮನೇಲಿ ತಿಂಡಿ ಬಿಟ್ಟು ಕೂತಿದಾರೆ."

"ಸರ್ರಾ?" ವಿದ್ಯಾಶ್ರೀಯ ಕಿವಿ, ಕೆನ್ನೆ ಎಲ್ಲ ಕೆಂಪಾಯಿತು. ಬಾಯಿಗೆ ಕೈ ಅಡ್ಡ ಬಂತು. "ಯಾಕೆ ಹಾಗೆ? ಬೆಳಿಗ್ಗೆ ಜೊತೆ ತಪ್ಪುತ್ತೆ ಅಂತ ಬೇಜಾರು ಮಾಡ್ಕೊಂಡ್ರಾ?"

ಅವಳ ದನಿಯಲ್ಲಿದ್ದ ಆಸೆಯನ್ನು ತಿಳಿಯಲು ಈಗ ಯಾವ ಬೆಲ್ಟೂ ಬೇಕಿರಲಿಲ್ಲ. ಬಸ್ಸಿನುದ್ದಕ್ಕೂ ರಂಜಿನಿ ಈ ಮಾತನ್ನು ಹೇಗೆ ಹೇಳಬೇಕೆಂದು ಸಾಣೆ ಹಿಡಿದುಕೊಂಡು ಬಂದಿದ್ದಳು. ಹೇಳಿದ ಕೂಡಲೇ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು.

"ನಿಂಗಲ್ಲ ಮಾರಾಯ್ತಿ. ನೀನು ಇನ್ನು ಬರಲ್ಲ ಅಂತ ಹೇಳಿದೆ, ಅವರಿಗೆ ಏನೂ ಆಗಲಿಲ್ಲ. ಬೆಲ್ಟು ಕಟ್ಟಿ ನೋಡಿದೀನಿ. ವಾಚು ಕೊಟ್ಟು ಬರ್ತೀನಿ ಅಂದೆ ನೋಡು, ಆಗ ನೂರ ಹತ್ತಕ್ಕೆ ಹೋಯ್ತು."

"ವಾಚಿಗಾ?" ಎಂದಳು ವಿದ್ಯಾಶ್ರೀ.

"ವಾಚಿಗೆ."

ಬಾಯಿಗೆ ಅಡ್ಡ ಬಂದಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಆ ಮುಖ ಬಾಡಿದ್ದನ್ನು ನೋಡಿ ರಂಜಿನಿಗೆ ಎಳ್ಳಷ್ಟೂ ಖುಷಿಯಾಗಲಿಲ್ಲ. ವಿದ್ಯಾಶ್ರೀ ಕವರನ್ನು ತೆಗೆದುಕೊಳ್ಳಲಿಲ್ಲ. ರಂಜಿನಿಯನ್ನೇ ನೋಡಿ ಕೇಳಿದಳು.

"ಅಕ್ಕ, ನಿಮಗೂ ಇವತ್ತೇ ಗೊತ್ತಾಗಿದ್ದಾ?"

"ಹೂಂ," ಎಂದಳು ರಂಜಿನಿ. "ನಂಗೂ ಇವತ್ತೇ."